ಗಾವ್ಠಿ

ಗೇಟಿನ ಬಳಿಯ ನಾಯಿಯನ್ನು ಓಡಿಸಬೇಕೆಂದು ನಮ್ಮ ಸೊಸೈಟಿ ಮೀಟಿಂಗಿನಲ್ಲಿ ಮಾತು ಬಂತು. ಕೊಟ್ಟ ಕಾರಣ ಒಂದೇ ಮರಾಠಿ ಪದ: ‘ಗಾವ್ಠಿ’. ‘ಹಳ್ಳಿಯದು’ ಎಂದು ಅನುವಾದಿಸಿದರೆ ಅದರೊಳಗಿನ ತಾತ್ಸಾರ ಸೋರಿಹೋಗುತ್ತದೆ. ತಳಿಯಿಲ್ಲದ್ದು ಎಂಬುದೇ ಅದರ ಅರ್ಥ.

ಆದರೆ ತಳಿ ಎಂಬ ದಾಖಲೆಯೇ ಈಚಿನದು. ಲ್ಯಾಬ್ರಡಾರನ್ನು ಬ್ರಿಟನ್ನಿನ ಕೆನೆಲ್ ಕ್ಲಬ್ ಮಾನ್ಯ ಮಾಡಿದ್ದು 1903ರಲ್ಲಿ. ಗಾವ್ಠಿಯನ್ನು ತಿದ್ದಿದ್ದು ಕ್ಲಬ್ಬಲ್ಲ, ನಮ್ಮ ಬಿಸಿಲು ಮತ್ತು ಹಸಿವು.

ಮಂಡ್ಯದ ಆತಕೂರಿನಲ್ಲಿ ಸಿಕ್ಕ ಕ್ರಿ.ಶ. 949ರ ಶಾಸನದಲ್ಲಿ ಕಾಳಿ ಎಂಬ ಬೇಟೆನಾಯಿಯಿದೆ. ಹಂದಿಯೊಡನೆ ಕಾದಾಡಿ ಅದೂ ಹಂದಿಯೂ ಸತ್ತವು. ಒಡೆಯ ಮಣಲೇರ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟ. ಕಲ್ಲನ್ನು ಪೂಜಿಸದೆ ಗೊರವ ಉಂಡರೆ ಪಾಪವೆಂದು ಬರೆಸಿದ. ಕಾಳಿಯ ಹೆಸರಿದೆ, ತಳಿಯಿಲ್ಲ.

1832ರಲ್ಲಿ ಸರಕಾರ ಬೀದಿನಾಯಿಗಳನ್ನು ಕೊಲ್ಲಿಸಹೊರಟಾಗ ಇದೇ ಮುಂಬಯಿಯ ಪಾರ್ಸಿಗಳು ದಂಗೆಯೆದ್ದರು. ಅವರು ಕಾಯಹೊರಟದ್ದೂ ಗಾವ್ಠಿಗಳನ್ನೇ.