ಒಂದು ಇಂಚಿನ ಲೆಕ್ಕ

ನಾನು ಬಾಡಿಗೆಗಿರುವ ಮನೆಯ ಮಾಲೀಕರ ಬಳಿ ಒಂದು ಕಪ್ಪು ಟ್ರಕ್ ಇದೆ. ಟ್ರಕ್ ಅಂದರೆ ನಮ್ಮ ಕಡೆಯ ಲಾರಿಯಲ್ಲ, ಪಿಕಪ್. 2001ರ ಫೋರ್ಡ್ ಎಫ್-150 ಲೈಟ್ನಿಂಗ್. ಈಚೆಗೆ ಇದೇ ಹೆಸರಿನಲ್ಲಿ ಬ್ಯಾಟರಿ ಗಾಡಿ ಬಂತಲ್ಲ, ಅದಲ್ಲ ಇದು. 5.4 ಲೀಟರಿನ ವಿ8 ಎಂಜಿನ್, ಮೇಲೊಂದು ಸೂಪರ್‌ಚಾರ್ಜರ್, 380 ಅಶ್ವಶಕ್ತಿ. ಸಾಮಾನು ಹೇರುವುದಕ್ಕಿಂತ ಓಡಿಸುವುದಕ್ಕೇ ಮಾಡಿದ ಗಾಡಿ. ಕಾರ್ಖಾನೆಯಿಂದಲೇ ಮಾಮೂಲಿ ಎಫ್-150ಗಿಂತ ತಗ್ಗಾಗಿ ಬರುತ್ತಿತ್ತು. ಅದೂ ಸಾಲದೆಂದು ಮಾಲೀಕರು ಕೊಂಡ ಹೊಸತರಲ್ಲೇ ಹಿಂಭಾಗವನ್ನು ಇನ್ನೂ ಎರಡು ಇಂಚು ಇಳಿಸಿದ್ದರು. ನಿಂತಲ್ಲೇ ಓಡುತ್ತಿರುವಂತೆ ಕಾಣಬೇಕು ಅನ್ನುವುದು ಅವರ ಆಸೆ.

ಈಗ ಅವರಿಗೆ ಎಪ್ಪತ್ತು ದಾಟಿದೆ. ಕಳೆದ ವರ್ಷ ಬೆನ್ನುಮೂಳೆಯ ಆಪರೇಷನ್ ಆಯಿತು. ಹೆಂಡತಿಯ ಕಾರನ್ನು ಆಕೆ ತೀರಿಕೊಂಡ ವರ್ಷವೇ ಮಾರಿಬಿಟ್ಟಿದ್ದರು. ಹಾಗಾಗಿ ವಾರಕ್ಕೆರಡು ಸಲ ಫಿಸಿಯೋಥೆರಪಿಗೆ ಇದೇ ಟ್ರಕ್ಕಿನಲ್ಲಿ ಹೋಗಬೇಕು, ಓಡಿಸುವವನು ನಾನು. ನಾವಿರುವುದು ಮಿಶಿಗನ್ನಿನಲ್ಲಿ. ಇಲ್ಲಿ ಚಳಿಗಾಲದಲ್ಲಿ ಡಾಂಬರಿನ ಬಿರುಕಿಗಿಳಿದ ನೀರು ಹೆಪ್ಪುಗಟ್ಟಿ ಹಿಗ್ಗುತ್ತದೆ, ಕರಗುತ್ತದೆ, ಮತ್ತೆ ಹೆಪ್ಪುಗಟ್ಟುತ್ತದೆ. ಮಾರ್ಚ್ ಹೊತ್ತಿಗೆ ರಸ್ತೆ ತುಂಬ ಗುಂಡಿ. ಹಿಂದಿನ ಎರಡು ಶಾಕ್ ಅಬ್ಸಾರ್ಬರುಗಳಿಂದಲೂ ಎಣ್ಣೆ ಸೋರುತ್ತಿತ್ತು. ಒಂದು ಉಬ್ಬು ದಾಟಿದರೆ ಗಾಡಿ ನಾಲ್ಕು ಸಲ ತೂಗಾಡುತ್ತಿತ್ತು.

ಗಾಡಿಯ ತೂಕ ಹೊರುವುದು ಸ್ಪ್ರಿಂಗು. ಆ ಸ್ಪ್ರಿಂಗಿನ ಕುಣಿತ ನಿಲ್ಲಿಸುವುದಷ್ಟೇ ಶಾಕ್ ಅಬ್ಸಾರ್ಬರಿನ ಕೆಲಸ. ಕೊಳವೆಯಲ್ಲಿ ಎಣ್ಣೆ, ಎಣ್ಣೆಯೊಳಗೆ ಪಿಸ್ಟನ್, ಪಿಸ್ಟನ್ನಿನಲ್ಲಿ ಸಣ್ಣ ಕಿಂಡಿಗಳು. ಎಣ್ಣೆ ಕಿಂಡಿಯಲ್ಲಿ ನುಸುಳುವಾಗ ಕುಣಿತದ ಶಕ್ತಿಯೆಲ್ಲ ಶಾಖವಾಗಿ ಹೋಗುತ್ತದೆ. ಇಕ್ಕಟ್ಟಾದ ದಾರಿಗಳಲ್ಲಿ ದ್ರವ ಹೇಗೆ ಹರಿಯುತ್ತದೆ ಅನ್ನುವುದೇ ನನ್ನ ಪಿಎಚ್‌ಡಿಯ ವಿಷಯ. ಅದಕ್ಕೇ ಜಂಬದಿಂದ, "ಇದನ್ನು ನಾನೇ ಆರಿಸುತ್ತೇನೆ" ಅಂದೆ.

ನನ್ನ ತರ್ಕ ಸರಳವಾಗಿತ್ತು. ಬೆನ್ನು ನೋವಿನವರಿಗೆ ಮೆತ್ತನೆಯ ಶಾಕ್ ಬೇಕು. 2001ರ ಎಫ್-150ಗೆ ಹೊಂದುತ್ತದೆ ಎಂದು ಬರೆದಿದ್ದ, ಆರಾಮದ ಸವಾರಿಗೆಂದೇ ಮಾಡಿದ ಜೋಡಿ ತರಿಸಿದೆ. ಬೆಲೆಯೂ ಕಡಿಮೆ. ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ, ಹಾಗಾಗಿ ಕೆಳಗಿನ ಬೋಲ್ಟುಗಳು ತುಕ್ಕು ಹಿಡಿದು ಕಚ್ಚಿಕೊಂಡಿದ್ದವು. ಒಂದನ್ನು ಕತ್ತರಿಸಿಯೇ ತೆಗೆಯಬೇಕಾಯಿತು. ಬಿಚ್ಚಿದ ಹಳೆಯ ಶಾಕ್ ಹೊಸದಕ್ಕಿಂತ ಗಿಡ್ಡವಾಗಿದ್ದುದನ್ನು ನೋಡಿದೆ. ಗ್ಯಾಸ್ ಹೋಗಿ ಒಳಗೇ ಕೂತುಬಿಟ್ಟಿರಬೇಕು ಅಂದುಕೊಂಡು ಸುಮ್ಮನಾದೆ. ನಿಲ್ಲಬೇಕಾಗಿದ್ದ ಜಾಗ ಅದು.

ಎರಡನೆಯ ದಿನ ಒಂದು ಗುಂಡಿಗೆ ಹಿಂದಿನ ಚಕ್ರ ಇಳಿಯಿತು. ಸುತ್ತಿಗೆಯಿಂದ ಕಬ್ಬಿಣಕ್ಕೆ ಹೊಡೆದಂಥ ಸದ್ದು. ಮಾಲೀಕರು ಡ್ಯಾಶ್‌ಬೋರ್ಡ್ ಹಿಡಿದು ಕಣ್ಣು ಮುಚ್ಚಿಕೊಂಡರು. ಒಂದು ಮಾತೂ ಆಡಲಿಲ್ಲ. ಆಮೇಲೆ ಮೂರು ದಿನ ಹಾಸಿಗೆಯಿಂದ ಏಳಲಿಲ್ಲ. ಅಡುಗೆಮನೆಯಲ್ಲಿ ಅವರಿಗೆ ಸೂಪ್ ಬಿಸಿ ಮಾಡುತ್ತ ನನ್ನ ಮೇಲೆ ನನಗೇ ಸಿಟ್ಟು ಬರುತ್ತಿತ್ತು.

ಆ ರಾತ್ರಿ ಊರಿಗೆ ಫೋನ್ ಮಾಡಿದೆ. ಅಪ್ಪ ಮೂವತ್ತು ವರ್ಷ ತಿಪಟೂರಿನಿಂದ ಕೊಬ್ಬರಿ ಲೋಡು ಹೊಡೆದವರು. ಎಲ್ಲ ಕೇಳಿ ಒಂದೇ ಪ್ರಶ್ನೆ ಕೇಳಿದರು: "ಆ ಗಾಡೀಲಿ ಏನು ಲೋಡ್ ಹಾಕ್ತಾರೆ?"

"ಏನೂ ಇಲ್ಲ ಅಪ್ಪ. ಅವರು, ನಾನು ಅಷ್ಟೇ."

"ಹಂಗಾದ್ರೆ ಅವರೇ ಲೋಡು ಕಣೋ. ಖಾಲಿ ಗಾಡಿ ಅಂತ ಯಾಕೆ ಅಂದ್ಕೊಂಡೆ? ನೀನು ಅಳತೆ ತಗೊಂಡ್ಯಾ, ಇಲ್ಲ ಪುಸ್ತಕ ನೋಡಿ ತಂದ್ಯಾ?"

ಉತ್ತರ ಕೊಡಲಿಲ್ಲ.

ಮಾಲೀಕರು ಎದ್ದು ಓಡಾಡುವಂತಾದ ಮೇಲೆ ಅವರಿಗೂ ಇದನ್ನು ಹೇಳಿದೆ. ಅವರು ಜೀವನವಿಡೀ ಮೆಷಿನ್ ಶಾಪಿನಲ್ಲಿ ಕೆಲಸ ಮಾಡಿದವರು. ನಕ್ಕು, "ನಿನ್ನಪ್ಪನನ್ನು ಮೊದಲೇ ಕೇಳಬೇಕಿತ್ತು" ಅಂದರು. ಗ್ಯಾರೇಜಿನಲ್ಲಿ ಕುರ್ಚಿ ಹಾಕಿಕೊಂಡು ಕೂತು ಒಂದು ಪ್ಲಾಸ್ಟಿಕ್ ಕೇಬಲ್ ಟೈ ಕೊಟ್ಟರು. ಶಾಕಿನ ಹೊಳೆಯುವ ರಾಡಿಗೆ ಅದನ್ನು ಬಿಗಿಯಾಗಿ ಕಟ್ಟಿ, ಕೊಳವೆಯ ಬಾಯಿಯವರೆಗೆ ತಳ್ಳಬೇಕು. ಗಾಡಿ ಓಡಿಸಿ ಬಂದು ನೋಡಿದರೆ, ರಾಡು ಎಷ್ಟು ಒಳಗೆ ಹೋಗಿತ್ತು ಅನ್ನುವುದನ್ನು ಟೈ ತೋರಿಸುತ್ತದೆ. ನಾನೊಬ್ಬನೇ ಬೀದಿ ಸುತ್ತಿಸಿಕೊಂಡು ಬಂದೆ. ಟೈ ರಾಡಿನ ಕೊನೆ ಮುಟ್ಟಿ ಜಜ್ಜಿಹೋಗಿತ್ತು.

ಆಗ ಎಲ್ಲ ತಿಳಿಯಿತು. ಹಿಂಭಾಗ ತಗ್ಗಿರುವುದರಿಂದ ಗಾಡಿ ಸುಮ್ಮನೆ ನಿಂತಾಗಲೇ ಉದ್ದದ ಶಾಕಿನ ರಾಡು ಬಹುಪಾಲು ಒಳಗಿರುತ್ತದೆ. ಮಿಕ್ಕದ್ದು ಎರಡು ಇಂಚಿಗೂ ಕಡಿಮೆ. ಗುಂಡಿ ಬಂದಾಗ ಆ ದೂರ ಕ್ಷಣದಲ್ಲಿ ಮುಗಿದು ಪಿಸ್ಟನ್ ತಳಕ್ಕೆ ಬಡಿಯುತ್ತದೆ. ಮೆತ್ತನೆಯದಾದಷ್ಟೂ ಬೇಗ ಬಡಿಯುತ್ತದೆ. ಅಂದರೆ ಅವರ ಬೆನ್ನಿಗೆ ಪೆಟ್ಟು ಕೊಟ್ಟದ್ದು ನಾನು ಆರಿಸಿದ ಮೆತ್ತಗೇ.

ಈ ಸಲ ಮೂರು ಅಳತೆ ತೆಗೆದೆವು: ಗಾಡಿ ನೆಲದ ಮೇಲೆ ನಿಂತಾಗ ಮೇಲಿನ ಬೋಲ್ಟಿನಿಂದ ಕೆಳಗಿನ ಬೋಲ್ಟಿಗೆ ಎಷ್ಟು, ಆಕ್ಸಲ್ ರಬ್ಬರ್ ತಡೆಗೆ ತಾಗಿದಾಗ ಎಷ್ಟು, ಜಾಕ್ ಏರಿಸಿ ಚಕ್ರ ಜೋತುಬಿದ್ದಾಗ ಎಷ್ಟು. ರಬ್ಬರಿಗೆ ತಾಗುವ ಹೊತ್ತಿಗೂ ಶಾಕಿನೊಳಗೆ ಒಂದಿಷ್ಟು ಜಾಗ ಉಳಿದಿರಬೇಕು. ಜೋತುಬಿದ್ದಾಗ ಶಾಕು ತುದಿಯವರೆಗೆ ಎಳೆದುಕೊಂಡಿರಬಾರದು. ಈ ಲೆಕ್ಕಕ್ಕೆ ಗಿಡ್ಡ ಶಾಕೇ ಬೇಕು ಎಂದಾಯಿತು.

ಇನ್ನು ಬಿಗಿ ಎಷ್ಟಿರಬೇಕು? ಓಟದ ಗಾಡಿ ಎಂದು ತುಂಬ ಬಿಗಿಯಾದದ್ದನ್ನು ಹಾಕುವವರಿದ್ದಾರೆ. ಆದರೆ ಇಲ್ಲಿ ಇಳಿಸಿದ್ದು ಲೀಫ್ ಸ್ಪ್ರಿಂಗಿನ ತುದಿ ಹಿಡಿಯುವ ಷ್ಯಾಕಲ್ ಬದಲಿಸಿ, ಸ್ಪ್ರಿಂಗು ಕಾರ್ಖಾನೆಯದೇ. ಕುಣಿಯುವ ಸ್ಪ್ರಿಂಗು ಬದಲಾಗದಿದ್ದಾಗ ಅದನ್ನು ತಡೆಯುವ ಬಿಗಿಯೂ ಹೆಚ್ಚಬೇಕಿಲ್ಲ. ಬೇಕಾದಂತೆ ತಿರುಗಿಸುವ ಗುಬ್ಬಿಯಿದ್ದವು ದುಬಾರಿ. ಒಮ್ಮೆ ಸರಿಯಾಗಿ ಕೂಡಿಸಿದರೆ ಮತ್ತೆ ತಿರುಗಿಸುವವರು ಯಾರು? ಕೊನೆಗೆ ಗಿಡ್ಡ ಅಳತೆಯ ಮೋನೋಟ್ಯೂಬ್ ಜೋಡಿ ತರಿಸಿದೆವು. ಒಂದೇ ಕೊಳವೆ, ಅದರಲ್ಲಿ ಎಣ್ಣೆಯನ್ನೂ ಒತ್ತಡದ ನೈಟ್ರೋಜನ್ನನ್ನೂ ಬೇರೆ ಮಾಡುವ ತೇಲುವ ಪಿಸ್ಟನ್. ಗ್ಯಾಸಿನ ಒತ್ತಡದಿಂದ ಎಣ್ಣೆ ನೊರೆಯಾಗುವುದಿಲ್ಲ, ಕೊಳವೆ ಗಾಳಿಗೆ ನೇರ ತೆರೆದಿರುವುದರಿಂದ ಬೇಗ ತಣಿಯುತ್ತದೆ.

ಇಷ್ಟಾದರೂ ಒಂದು ಮಾತು ಉಳಿದಿತ್ತು. ಎಷ್ಟೇ ಒಳ್ಳೆಯ ಶಾಕ್ ಹಾಕಿದರೂ ಆಕ್ಸಲ್ಲಿಗೂ ರಬ್ಬರ್ ತಡೆಗೂ ನಡುವಿನ ಜಾಗ ಹೆಚ್ಚುವುದಿಲ್ಲ. ಅದಕ್ಕಿರುವುದು ಒಂದೇ ದಾರಿ: ಗಾಡಿಯನ್ನು ಎತ್ತರಿಸುವುದು. ಹೇಳಲು ನನಗೆ ಧೈರ್ಯ ಬರಲಿಲ್ಲ. ಗಾಡಿಯನ್ನು ಇಳಿಸಿದ ದಿನ ಹೆಂಡತಿ ಅದರ ಪಕ್ಕ ನಿಂತು ತೆಗೆಸಿಕೊಂಡ ಫೋಟೋ ಗ್ಯಾರೇಜಿನ ಗೋಡೆಯಲ್ಲೇ ಇತ್ತು.

ಅವರೇ ಹೇಳಿದರು. "ಆ ಷ್ಯಾಕಲ್ಲಿನಲ್ಲಿ ಎರಡು ತೂತಿವೆ, ನೋಡಿದೆಯಾ? ಒಂದು ಎರಡು ಇಂಚಿಗೆ, ಇನ್ನೊಂದು ಒಂದು ಇಂಚಿಗೆ. ಬೋಲ್ಟು ಬದಲಿಸು."

"ನೀವು ನಿಜವಾಗಿ ಹೇಳುತ್ತಿದ್ದೀರಾ?"

"ಒಂದು ಇಂಚು ಅವಳಿಗೇನೂ ಗೊತ್ತಾಗುವುದಿಲ್ಲ" ಅಂದರು.

ಬೋಲ್ಟು ಬದಲಿಸಿ, ಹೊಸ ಎತ್ತರದಲ್ಲಿ ಮತ್ತೊಮ್ಮೆ ಅಳೆದು, ಶಾಕ್ ಹಾಕಿದೆವು. ಮರುದಿನ ಫಿಸಿಯೋಥೆರಪಿಗೆ ಅದೇ ರಸ್ತೆ, ಅದೇ ಗುಂಡಿ. ಗಾಡಿ ಒಮ್ಮೆ ಕುಸಿದು ಎದ್ದು ನಿಂತಿತು. ಸದ್ದಿಲ್ಲ. ಅವರು ಕಿಟಕಿಯಾಚೆ ನೋಡುತ್ತಲೇ ಇದ್ದರು. ಮನೆಗೆ ಬಂದೊಡನೆ, "ಟೈ ನೋಡು" ಅಂದರು. ಕೆಳಗೆ ನುಸುಳಿ ನೋಡಿದೆ. ರಾಡಿನ ಕೊನೆಗೆ ಇನ್ನೂ ಒಂದು ಇಂಚಿನಷ್ಟು ಉಳಿದಿತ್ತು.