ಕಾಲುವೆಯ ಊರಿನ ಪ್ರಸಾದ

ಕಾಲುವೆಗಳ ಊರೆಂದೊಡನೆ ಓದುಬಲ್ಲವರು ಇಟಲಿಯ ವೆನಿಸ್ ನಗರವನ್ನು ನೆನೆಯುತ್ತಾರೆ. ಆ ಸೀಮೆಯ ನಿಕೊಲೊ ಕೊಂಟಿಯೆಂಬ ಪ್ರವಾಸಿಯು ಸುಮಾರು 1420ರಲ್ಲಿ ನಮ್ಮ ವಿಜಯನಗರವನ್ನು ಕಂಡು ಹೋದನು. ವೆನಿಸ್ಸಿನ ಜನರು ಏಪ್ರಿಲ್ 25ರ ಸಂತ ಮಾರ್ಕನ ಹಬ್ಬದಂದು ಹಸಿ ಬಟಾಣಿ ಬೆರೆಸಿದ ಅನ್ನವನ್ನು ಉಣ್ಣುವ ಸಂಪ್ರದಾಯವುಂಟು. ಆದರೆ ಅವರ ಕಾಲುವೆಗಳಲ್ಲಿರುವುದು ಕಡಲಿನ ಉಪ್ಪುನೀರು. ಅದು ದೋಣಿಗಳನ್ನು ಹೊರುವುದೇ ಹೊರತು ಒಂದು ತೆನೆಯನ್ನೂ ಬೆಳೆಸಲಾರದು. ನಮ್ಮ ಗಂಗಾವತಿಯೂ ಕಾಲುವೆಯ ಊರೇ. ಇಲ್ಲಿ ನೀರು ಸಿಹಿಯಾದುದು, ಅದು ನೇರವಾಗಿ ಗಂಗಾಳಕ್ಕೇ ಬರುತ್ತದೆ. ಈ ಕಡೆ ಬಂದರೆ ಏನನ್ನು ಉಣ್ಣಬೇಕು, ಏನನ್ನು ಕುಡಿಯಬೇಕು ಎಂದು ಪರವೂರಿನ ಬಂಧುಗಳು ನನ್ನನ್ನು ಕೇಳುವುದುಂಟು. ಉತ್ತರ ಹೇಳಹೊರಟರೆ ಅಡುಗೆಮನೆಯ ಮಾತು ಕಾಲುವೆಯ ಮಾತೇ ಆಗಿಬಿಡುತ್ತದೆ.

ಆನೆಗೊಂದಿಯ ಸುತ್ತ ವಿಜಯನಗರದ ಅರಸರ ಕಾಲದ ಕಾಲುವೆಗಳು ಇಂದಿಗೂ ಭತ್ತಕ್ಕೆ, ಬಾಳೆಗೆ ನೀರುಣಿಸುತ್ತಿವೆ. ಆ ಹಸುರು ಪಟ್ಟಿಯನ್ನು ಬಿಟ್ಟರೆ ಹಿಂದೆ ಈ ನಾಡೆಲ್ಲ ಬಹುಮಟ್ಟಿಗೆ ಜೋಳ, ಸಜ್ಜೆ, ನವಣೆಗಳ ನೆಲವಾಗಿತ್ತು. 1945ರಲ್ಲಿ ಆರಂಭವಾದ ತುಂಗಭದ್ರಾ ಅಣೆಕಟ್ಟು 1953ರಲ್ಲಿ ಪೂರ್ಣಗೊಂಡಿತು. ಮುನಿರಾಬಾದಿನಿಂದ ಎಡದಂಡೆ ಕಾಲುವೆ ಹರಿಯಿತು. ಯೋಜನೆಯನ್ನು ರೂಪಿಸಿದವರ ಮನಸ್ಸಿನಲ್ಲಿದ್ದುದು ಮುಖ್ಯವಾಗಿ ಭತ್ತವಲ್ಲ. ಇದ್ದ ನೀರನ್ನು ವಿಶಾಲವಾದ ನೆಲಕ್ಕೆ ತೆಳುವಾಗಿ ಹಂಚಿ, ಅಲ್ಪ ನೀರಿನ ಬೆಳೆಗಳನ್ನು ಬರದಿಂದ ಕಾಯುವುದೇ ಅವರ ಉದ್ದೇಶವಾಗಿತ್ತು. ಆಂಧ್ರದ ಕರಾವಳಿಯ ರೈತರು ಬಂದು ಕ್ಯಾಂಪುಗಳನ್ನು ಕಟ್ಟಿಕೊಂಡು ಭತ್ತ ಬೆಳೆದರು, ನಮ್ಮವರೂ ಕಲಿತರು. ಗಂಗಾವತಿ, ಕಾರಟಗಿಗಳಲ್ಲಿ ಅಕ್ಕಿಯ ಗಿರಣಿಗಳೆದ್ದವು. ಸೋನಾ ಮಸೂರಿ ಮನೆಮಾತಾಯಿತು. ಕುಷ್ಟಗಿ, ಯಲಬುರ್ಗಾಗಳು ಮಾತ್ರ ಬಹುಪಾಲು ಮಳೆಯನ್ನೇ ನಂಬಿ ಜೋಳ ಸಜ್ಜೆಗಳಲ್ಲಿಯೇ ಉಳಿದವು.

ನಾನು ಮಠದ ಪ್ರಸಾದನಿಲಯದಲ್ಲಿ ಓದುತ್ತಿದ್ದ 1970ರ ದಶಕದಲ್ಲಿ ರೊಟ್ಟಿ, ನುಚ್ಚು, ಮಜ್ಜಿಗೆಗಳು ನಿತ್ಯದ ಊಟ. ಬಿಳಿಯ ಅನ್ನವೆಂದರೆ ಹಬ್ಬ. ಇಂದು ಅನ್ನವೇ ನಿತ್ಯವಾಗಿ, ರೊಟ್ಟಿಯು ಖಾನಾವಳಿಯಲ್ಲಿ ಹಣ ಕೊಟ್ಟು ಉಣ್ಣುವ ವಿಶೇಷವಾಗಿದೆ.

ಬರುವ ಅತಿಥಿಗೆ ನಾನು ಹೇಳುವುದಿಷ್ಟು. ಬೆಳಗಿನಲ್ಲಿ ಮಂಡಾಳ ಒಗ್ಗರಣೆಯನ್ನು ಬಿಸಿ ಮಿರ್ಚಿಯೊಡನೆ ತಿನ್ನಿರಿ. ಮಧ್ಯಾಹ್ನ ಯಾರದಾದರೂ ಮನೆಗೆ ಹೋದರೆ ಮೊದಲು ಬೆಲ್ಲ, ನೀರು ಬರುತ್ತವೆ, ಬೇಡವೆನ್ನಬಾರದು. ಬಳಿಕ ಹೆಂಚಿನಿಂದಿಳಿದ ಜೋಳದ ರೊಟ್ಟಿ, ಬದನೆಯ ಎಣ್ಣೆಗಾಯಿ, ಪುಂಡಿಪಲ್ಲೆ, ಝುಣಕ, ಗುರೆಳ್ಳಿನ ಹಿಂಡಿ, ಮೇಲಿಷ್ಟು ಮೊಸರು. ಹಬ್ಬವಾದರೆ ಗೋಧಿಯ ಹುಗ್ಗಿ ಅಥವಾ ಹೋಳಿಗೆ. ಸಂಕ್ರಾಂತಿಗೆ ಬಂದರೆ ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿಯನ್ನು ಬಿಡಬಾರದು. ಅನ್ನ ಸಾರು ಬರುವುದು ಆಮೇಲೆ, ಮಜ್ಜಿಗೆ ಅನ್ನ ಕಟ್ಟಕಡೆಗೆ. ಈ ಕ್ರಮದಲ್ಲಿ ಒಂದು ವಿವೇಕವಿದೆ: ರೊಟ್ಟಿಯು ಹೊಟ್ಟೆಯನ್ನು ತುಂಬಿಸಿದ ಮೇಲೆ ಅನ್ನವು ಒಂದು ಹಿಡಿ ಸಾಕು. ಬೇಸಗೆಯಲ್ಲಿ ಅಂಬಲಿಯನ್ನು ಕುಡಿಯಿರಿ. ಮಾದಾರ ಚೆನ್ನಯ್ಯನ ಮನೆಯ ಅಂಬಲಿಯನ್ನು ಶಿವನೇ ಸವಿದನೆಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಅದನ್ನು ಬಡವರ ಪಾನೀಯವೆಂದು ಜರೆಯುವವನು ಆ ಕಥೆಯನ್ನು ಕೇಳಿಲ್ಲವೆಂದೇ ಅರ್ಥ.

ಕೊಪ್ಪಳದ ಗವಿಮಠದ ಜಾತ್ರೆಗೆ ಬಂದರೆ ಇದೆಲ್ಲವನ್ನೂ ಒಂದೇ ಪಂಕ್ತಿಯಲ್ಲಿ ಕಾಣಬಹುದು. ಊರೂರಿನ ತಾಯಂದಿರು ವಾರಗಳ ಮುಂಚಿನಿಂದಲೇ ರೊಟ್ಟಿ ಬಡಿದು ಒಣಗಿಸಿ ಕಳುಹಿಸುತ್ತಾರೆ. ಬಂಡಿಗಳಲ್ಲಿ, ಟ್ರ್ಯಾಕ್ಟರುಗಳಲ್ಲಿ ಬಂದ ಆ ರೊಟ್ಟಿಗಳನ್ನು ಗೋಡೆಯಂತೆ ಒಟ್ಟುತ್ತಾರೆ, ಜೊತೆಗೆ ಮಾದಲಿ. ನೀರಾರಿದ ರೊಟ್ಟಿಯು ಎಷ್ಟೋ ದಿನ ಕೆಡದು. ಬೆಂದ ಅನ್ನವು ಮರುದಿನಕ್ಕೇ ಹಳಸುವುದು. ಮನೆಮನೆಯಿಂದ ಬರುವ ದಾಸೋಹವು ಬೆಳೆದುದು ರೊಟ್ಟಿಯ ಈ ಬಾಳಿಕೆಯಿಂದ. ಯಾವ ಮನೆಯ ರೊಟ್ಟಿ ಯಾರ ಗಂಗಾಳಕ್ಕೆ ಬಂತೆಂದು ಅಲ್ಲಿ ಯಾರೂ ಕೇಳುವುದಿಲ್ಲ.

ಅಕ್ಕಿಯ ವಿಚಾರದಲ್ಲಿ ನಮಗೆ ಗುರುವಾಗಬೇಕಾದವರು ಆಯ್ದಕ್ಕಿ ಲಕ್ಕಮ್ಮನವರು. ಕುಷ್ಟಗಿಯ ನೆರೆಯಲ್ಲಿರುವ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರವು ಆ ದಂಪತಿಗಳ ಊರು. ಪತಿ ಮಾರಯ್ಯನವರು ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದವರು. ಒಂದು ದಿನ ನಿತ್ಯಕ್ಕಿಂತ ಹೆಚ್ಚು ತಂದಾಗ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮನವರು ಹಿಂದಿರುಗಿಸಿದರು. ಅಕ್ಕಿಗೆ ಸಲ್ಲುವ ಈ ನೀತಿ ಅಕ್ಕಿಯನ್ನು ಬೆಳೆಯುವ ನೀರಿಗೆ ಸಲ್ಲದೆ? ಕಾಲುವೆಯ ಮೇಲ್ಭಾಗದ ಗದ್ದೆಯಲ್ಲಿ ನೀರು ನಿಂತಿರುವಾಗ ಕೆಳಭಾಗದ ರೈತನು ಒಣಗಿದ ತೂಬಿನ ಮುಂದೆ ಕುಳಿತಿರುವುದು ದಶಕಗಳ ಕಥೆ. ಮೊದಲು ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯವು ಹೂಳು ತುಂಬಿ 105ರ ಆಸುಪಾಸಿಗೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ ಸರಪಳಿ ತುಂಡಾಗಿ 19ನೆಯ ಗೇಟು ಕೊಚ್ಚಿಹೋದಾಗ ನಮ್ಮ ಅನ್ನವು ಎಂಥ ಕೊಂಡಿಯಿಂದ ತೂಗುತ್ತಿದೆಯೆಂಬುದು ಎಲ್ಲರಿಗೂ ತಿಳಿಯಿತು.

ಭತ್ತ ಬೆಳೆದವರನ್ನು ನಾನು ದೂರುವುದಿಲ್ಲ; ಹಸಿದ ನಾಡಿಗೆ ಅವರು ಅನ್ನವಿಕ್ಕಿದ್ದಾರೆ. 2023ನ್ನು ವಿಶ್ವಸಂಸ್ಥೆಯು ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ಪಟ್ಟಣಗಳಲ್ಲಿ ಸಜ್ಜೆ, ನವಣೆಗಳಿಗೆ ಬೆಲೆ ಬಂದಿತು. ಆದರೆ ಧಾನ್ಯವು ಅಂಗಡಿಯ ಕಪಾಟಿನಲ್ಲಿ ಉಳಿದರೆ ಸಾಲದು, ಮನೆಯ ಹೆಂಚಿನ ಮೇಲೆ ಉಳಿಯಬೇಕು. ರೊಟ್ಟಿ ಬಡಿಯುವ ಕೈ ಹೆಣ್ಣುಮಕ್ಕಳದೇ ಆಗಬೇಕೆಂಬ ನಿಯಮವೂ ಇಲ್ಲ. ಕಾಯಕದಲ್ಲಿ ಹೆಣ್ಣು ಗಂಡೆಂಬ ಭೇದವನ್ನು ಶರಣರು ಒಪ್ಪಲಿಲ್ಲ. ವಾರಕ್ಕೆ ನಾಲ್ಕು ದಿನವಾದರೂ ಗಂಗಾಳದಲ್ಲಿ ಮೊದಲು ರೊಟ್ಟಿ, ಆಮೇಲೆ ಹಿಡಿ ಅನ್ನ ಎಂಬ ಹಳೆಯ ಕ್ರಮವನ್ನು ಮರಳಿ ತನ್ನಿರಿ. ಕುಷ್ಟಗಿಯ ಸಜ್ಜೆಗೆ ಒಂದು ಮನೆ ಸಿಕ್ಕೀತು. ಕಾಲುವೆಯ ಕೊನೆಯ ಹೊಲಕ್ಕೆ ಒಂದಿಷ್ಟು ನೀರು ಉಳಿದೀತು.