ಕೂಗಾಟವೆಂದು ತಳ್ಳಿದ ಗೀತನಾಟಕ
ಆಲ್ಬನ್ ಬೆರ್ಗ್ ರಚಿಸಿದ ‘ವೊಟ್ಸೆಕ್’ ಎಂಬ ಜರ್ಮನ್ ಒಪೆರಾ, ಅಂದರೆ ಗೀತನಾಟಕ, 1925ರ ಡಿಸೆಂಬರ್ 14ರಂದು ಬರ್ಲಿನ್ನಿನಲ್ಲಿ ಮೊದಲು ರಂಗವೇರಿತು. ಆಧಾರಶ್ರುತಿಯ ಆಸರೆಯನ್ನು ಬಹುಮಟ್ಟಿಗೆ ಬಿಟ್ಟುಕೊಟ್ಟ ಈ ಕೃತಿಯು ಹೊಸಬರನ್ನು ಸುಲಭವಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಜರ್ಮನ್ ಅರಿಯದ ಆಂಗ್ಲ ಕೇಳುಗನೊಬ್ಬನು ಇದನ್ನು ಎರಡು ಸಲ ಅರ್ಧಕ್ಕೇ ನಿಲ್ಲಿಸಿದ್ದನು. ಅವನಿಗೆ ಇದು ಬರಿಯ ಕೂಗಾಟವಾಗಿ ಕೇಳಿಸಿತ್ತು. ಆಮೇಲೆ ಪಾಲ್ ಡೇನಿಯಲ್ ನಿರ್ದೇಶನದಲ್ಲಿ ಆಂಡ್ರ್ಯೂ ಶೋರ್ ಹಾಡಿರುವ ಇಂಗ್ಲಿಷ್ ಅನುವಾದದ ಧ್ವನಿಮುದ್ರಿಕೆಯು ಅವನ ಕೈಸೇರಿತು.

ಮೊದಲ ದೃಶ್ಯದಲ್ಲಿಯೇ ಅವನು ಬೆರಗಾದನು. ಸೈನಿಕ ವೊಟ್ಸೆಕ್ ತನ್ನ ಕ್ಯಾಪ್ಟನ್‌ಗೆ ಕ್ಷೌರ ಮಾಡುತ್ತಿದ್ದಾನೆ. ಕ್ಯಾಪ್ಟನ್ ನೀತಿ ಬೋಧಿಸುತ್ತಿದ್ದಾನೆ. ಕೈಯಲ್ಲಿ ಕಾಸಿಲ್ಲದವನಿಗೆ ನೀತಿ ಎಲ್ಲಿಂದ ಬರಬೇಕು ಎಂಬರ್ಥದ ಮಾತನ್ನು ಆ ಬಡವನು ಆಡುತ್ತಾನೆ. ಪುಡಿಗಾಸಿಗಾಗಿ ವೈದ್ಯನ ಪ್ರಯೋಗಕ್ಕೆ ಒಡಲನ್ನೊಡ್ಡಿ, ಅವನು ಹೇಳಿದ ಕಾಳನ್ನೇ ತಿಂದು ಬದುಕುವವನ ಮಾತದು! ತಾನು ತಳ್ಳಿಹಾಕಿದ ಕೂಗಿನೊಳಗೆ ಇಂಥದೊಂದು ಅಹವಾಲು ಇದ್ದಿತೆಂದು ತಿಳಿದಾಗ ಕೇಳುಗನಿಗೆ ನಾಚಿಕೆಯಾಯಿತು.

ಅನುವಾದದಲ್ಲಿ ಮೂಲನುಡಿಯ ಗಡಸು ಕೊಂಚ ಸವೆದಿರುವುದು ನಿಜ. ಆದರೆ ಕೆಲವೆಡೆ ಈ ಕೃತಿಗೆ ನುಡಿಯ ಹಂಗೇ ಇಲ್ಲ. ವೊಟ್ಸೆಕ್ ತನ್ನ ಮಗುವಿನ ತಾಯಿಯನ್ನೇ ಕೊಂದ ಬಳಿಕ ವಾದ್ಯವೃಂದವು ಒಂದೇ ಸ್ವರವನ್ನು ಹಿಡಿದು ಉಬ್ಬಿಸುತ್ತದೆ. ಕೊನೆಯಲ್ಲಿ, ಆ ಸಾವಿನ ಅರಿವಿಲ್ಲದ ಮಗು ಕೋಲುಕುದುರೆಯಾಡುತ್ತ ಉಳಿದ ಮಕ್ಕಳ ಹಿಂದೆ ಹೋಗುತ್ತದೆ. ಈ ಸಲ ಕೇಳುಗನು ನಡುವೆ ನಿಲ್ಲಿಸಲಿಲ್ಲ. ಮರುದಿನ ಜರ್ಮನ್ ಮುದ್ರಿಕೆಯನ್ನೇ ಮೊದಲಿನಿಂದ ಹಾಕಿ ಕುಳಿತನು.